ಮಲೆನಾಡಿನ ಮೌಂಟನ್ ಬೈಕ್ ಸವಾರರಿಗೆ ಹೊರದೇಶದ ಹಾದಿಗಳು: ಶ್ರೀಲಂಕಾ, ನೇಪಾಳ, ಭೂತಾನ್, ನ್ಯೂಜಿಲೆಂಡ್, ಕೆನಡಾಗಳಲ್ಲಿ ಯಾವುದನ್ನು ಆರಿಸಬೇಕು?

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಗುಡ್ಡಗಳಲ್ಲಿ ನಾಲ್ಕೈದು ವರ್ಷ ಮೌಂಟನ್ ಬೈಕ್ ತುಳಿದವರಲ್ಲಿ ಒಂದು ಆಸೆ ಮೊಳೆಯುತ್ತದೆ: ಒಮ್ಮೆಯಾದರೂ ಹೊರದೇಶದ ಟ್ರೇಲ್‌ಗಳಲ್ಲಿ, ಅಂದರೆ ಕಾಡುಗುಡ್ಡದ ಹಾದಿಗಳಲ್ಲಿ, ಸೈಕಲ್ ಓಡಿಸಿ ಬರಬೇಕು. ಹೆಚ್ಚಿನವರಿಗೆ ಹತ್ತು ಹನ್ನೆರಡು ದಿನಕ್ಕಿಂತ ಜಾಸ್ತಿ ಬಿಡುವು ಸಿಗುವುದಿಲ್ಲ, ಕೂಡಿಟ್ಟ ಹಣ ಬೇಗನೆ ಇನ್ನೊಂದು ಪ್ರವಾಸಕ್ಕೆ ಸಾಲುವುದೂ ಇಲ್ಲ. ಆದ್ದರಿಂದ ಮೊದಲ ಆಯ್ಕೆಯನ್ನು ಯೋಚಿಸಿ ಮಾಡಬೇಕು. ಯಾವ ದೇಶಕ್ಕೆ ಹೋಗಲಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಖರ್ಚಿನ ಲೆಕ್ಕ, ಇಲ್ಲವೇ ಹಿಮದ ಶಿಖರಗಳ ವರ್ಣನೆ. ಎರಡೂ ಬೇಕಾದವೇ. ಆದರೆ ಅವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಾವು ಸೈಕಲ್ ಕಲಿತ ನೆಲ ನಮಗೆ ಏನನ್ನು ಕಲಿಸಿದೆ, ಏನನ್ನು ಕಲಿಸಿಲ್ಲ?

ಮಲೆನಾಡಿನ ಸವಾರನಿಗೆ ಜಾರು ನೆಲ ಹೊಸದಲ್ಲ. ಮಳೆಗಾಲ ಮುಗಿದ ಮೇಲೂ ಹಾವಸೆ ಬಿಡದ ಜಂಬಿಟ್ಟಿಗೆ ಕಲ್ಲು, ದಾರಿಗೆ ಅಡ್ಡ ಹಾಯ್ದ ಮರದ ಬೇರು, ತರಗೆಲೆಯ ಅಡಿಯಲ್ಲಿ ಅಡಗಿದ ಗುಂಡಿ, ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ, ತೋಟದ ದಾರಿಯ ಉಣಗೋಲು, ಇವೆಲ್ಲ ಅವನ ಕೈಕಾಲಿಗೆ ಅಭ್ಯಾಸವಾಗಿರುತ್ತವೆ. ಬ್ರೇಕನ್ನು ಎಷ್ಟು ಮೆಲ್ಲಗೆ ಹಿಡಿದರೆ ಚಕ್ರ ಜಾರದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕ ಚಿಕ್ಕ ಕಡಿದಾದ ಏರುಗಳೂ ಸೆಕೆಯೂ ಅವನಿಗೆ ಹೊಸತಲ್ಲ. ಆದರೆ ಎತ್ತರದ ಗಾಳಿಯಲ್ಲಿ ಉಸಿರಾಡುವುದು, ಒಣ ಸಡಿಲ ಜಲ್ಲಿಯ ಮೇಲೆ ಗಂಟೆಗಟ್ಟಲೆ ಇಳಿಯುವುದು, ಮಂಜುಗಡ್ಡೆಯ ಚಳಿಯಲ್ಲಿ ಬೆರಳುಗಳನ್ನು ಬ್ರೇಕಿನ ಮೇಲೆ ಇಟ್ಟುಕೊಂಡಿರುವುದು, ಯಂತ್ರದಿಂದ ಕಟ್ಟಿದ ದಿಬ್ಬದಿಂದ ಹಾರಿ ಸರಿಯಾಗಿ ನೆಲ ಮುಟ್ಟುವುದು, ಇವು ಇಲ್ಲಿ ಕಲಿಯಲು ಸಿಗುವುದಿಲ್ಲ. ಕೆಳಗಿನ ಹೋಲಿಕೆಯನ್ನು ಈ ಲೆಕ್ಕದ ಮೇಲೆಯೇ ಮಾಡಿದ್ದೇನೆ.

ಶ್ರೀಲಂಕಾ: ಪರಿಚಿತ ನೆಲದ ಮುಂದುವರಿಕೆ

ಶ್ರೀಲಂಕಾದ ನಡುಮಲೆನಾಡು ನಮ್ಮ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನ ಎಸ್ಟೇಟ್ ದಾರಿಗಳಲ್ಲಿ ಸೈಕಲ್ ಓಡಿಸಿದವರಿಗೆ ಮೊದಲ ದಿನವೇ ಒಗ್ಗುತ್ತದೆ. ಅಲ್ಲಿ ಮೊದಲು ಕಾಫಿ ಬೆಳೆಯುತ್ತಿದ್ದರು. 1867ರಲ್ಲಿ ಜೇಮ್ಸ್ ಟೇಲರ್ ಕ್ಯಾಂಡಿಯ ಬಳಿಯ ಲೂಲ್‌ಕಂದುರ ತೋಟದಲ್ಲಿ ವಾಣಿಜ್ಯ ಮಟ್ಟದ ಚಹಾ ಬೇಸಾಯ ಆರಂಭಿಸಿದ, ಮುಂದೆ ಎಲೆಯ ತುಕ್ಕುರೋಗ ಕಾಫಿಯನ್ನು ಅಳಿಸಿಹಾಕಿದ ಮೇಲೆ ಇಡೀ ಗುಡ್ಡಸಾಲು ಚಹಾಕ್ಕೆ ತಿರುಗಿತು. ಎಲೆಯ ಮೂಟೆಗಳನ್ನು ಕಾರ್ಖಾನೆಗೆ ಸಾಗಿಸಲು ಕಡಿದ ಆ ಕಾಲದ ದಾರಿಗಳೇ ಇಂದು ಸೈಕಲ್ ಸವಾರರಿಗೆ ಒದಗಿಬಂದಿವೆ. ಬಂಡಿ ಹತ್ತಬೇಕಾಗಿದ್ದರಿಂದ ಅವು ಗುಡ್ಡವನ್ನು ನೇರವಾಗಿ ಏರದೆ ಬಳಸಿಕೊಂಡು ಹೋಗುತ್ತವೆ. ಹಾಗಾಗಿ ಮಧ್ಯಮ ಶಕ್ತಿಯ ಸವಾರನೂ ಕೆಳಗಿಳಿಯದೆ ತುಳಿಯಬಹುದು. ಕ್ಯಾಂಡಿಯಿಂದ ಹೊರಟು ಹಟನ್, ಹಪುತಲೆ, ‘ಎಲ್ಲ’ (Ella) ಮೊದಲಾದ ಊರುಗಳ ಕಡೆಯಿಂದ ಸುತ್ತಿ ನುವರ ಎಳಿಯ ತಲುಪುವ ಪೆಕೊ ಟ್ರೇಲ್ ಎಂಬ ನಡಿಗೆಯ ಹಾದಿ 22 ಹಂತಗಳಲ್ಲಿ 300 ಕಿಲೋಮೀಟರ್‌ಗೂ ಹೆಚ್ಚು ಉದ್ದವಿದೆ. ಅದು ಮುಖ್ಯವಾಗಿ ನಡೆಯುವವರಿಗಾಗಿ ಗುರುತು ಮಾಡಿದ ಹಾದಿ. ಅದರ ಹಲವು ಹಂತಗಳು ಎಸ್ಟೇಟ್ ದಾರಿಯ ಮೇಲೆಯೇ ಸಾಗುವುದರಿಂದ ಅಲ್ಲಿ ಸೈಕಲ್ ಸಲೀಸಾಗಿ ಹೋಗುತ್ತದೆ, ಕಾಲುದಾರಿಯ ಭಾಗಗಳಲ್ಲಿ ಮೆಟ್ಟಿಲು ಬಂದಾಗ ಹೆಗಲಿಗೇರಿಸಬೇಕು.

ನುವರ ಎಳಿಯದ ಎತ್ತರ ಸುಮಾರು 1,870 ಮೀಟರ್. ಚಳಿ ಇರುತ್ತದೆ, ಉಸಿರಿನ ತೊಂದರೆ ಇರುವುದಿಲ್ಲ. ಕಠಿಣವಾದ ಹಾದಿ ಬೇಕೆನ್ನುವವರು ಮಾತಳೆಯ ಪಕ್ಕದ ನಕಲ್ಸ್ ಗುಡ್ಡಸಾಲಿನತ್ತ ನೋಡಬಹುದು. 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಕೇಂದ್ರ ಮಲೆನಾಡಿನ ಮೂರು ಭಾಗಗಳಲ್ಲಿ ಅದೂ ಒಂದು. ಕಲ್ಲು, ಬೇರು, ಮಂಜು, ಉಂಬಳ, ಎಲ್ಲವೂ ನಮ್ಮ ಆಗುಂಬೆಯ ಕಾನಿನಂತೆಯೇ. ಸಂರಕ್ಷಿತ ಕಾಡಾದ್ದರಿಂದ ಯಾವ ದಾರಿಯಲ್ಲಿ ಸೈಕಲ್ ಬಿಡುತ್ತಾರೆ ಎಂಬುದನ್ನು ಸ್ಥಳೀಯ ಮಾರ್ಗದರ್ಶಿಯ ಮೂಲಕ ಮೊದಲೇ ತಿಳಿದುಕೊಳ್ಳಬೇಕು. ಚಹಾ ತೋಟಗಳೂ ಯಾರದೋ ಆಸ್ತಿ. ನಮ್ಮ ತೋಟದೊಳಗೆ ಹೇಳದೆ ಕೇಳದೆ ಯಾರಾದರೂ ಸೈಕಲ್ ತಂದರೆ ನಮಗೆ ಏನನ್ನಿಸುತ್ತದೋ ಅದೇ ಅಲ್ಲಿಯವರಿಗೂ ಅನ್ನಿಸುತ್ತದೆ. ತೋಟದ ಕೆಲಸಗಾರರಲ್ಲಿ ಬಹುಪಾಲು ತಮಿಳರು. ಭದ್ರಾವತಿಯ ಕಡೆ ಬೆಳೆದು ತಮಿಳು ಕಿವಿಗೆ ಬಿದ್ದಿದ್ದವರಿಗೆ ದಾರಿ ಕೇಳಲು ಅದು ದೊಡ್ಡ ಅನುಕೂಲ.

ಈ ದೇಶದ ಕೊರತೆಯನ್ನೂ ಹೇಳಬೇಕು. ಹೊಸದಾಗಿ ಕಲಿಯುವುದು ಇಲ್ಲಿ ಕಡಿಮೆ. ಮನೆಯ ಹತ್ತಿರದ ಸಂತೋಷವನ್ನೇ ಇನ್ನೊಂದು ದೊಡ್ಡ ಚೌಕಟ್ಟಿನಲ್ಲಿ ಅನುಭವಿಸಬೇಕೆನ್ನುವವರಿಗೆ, ಜೊತೆಯಲ್ಲಿ ಸೈಕಲ್ ತುಳಿಯದ ಮನೆಯವರೂ ಇರುವಾಗ, ಇದು ಅತ್ಯುತ್ತಮ ಆಯ್ಕೆ. ಮನೆಯವರು ರೈಲಿನಲ್ಲಿ ‘ಎಲ್ಲ’ ಊರನ್ನು ತಲುಪುವಷ್ಟರಲ್ಲಿ ಸವಾರ ತೋಟದ ದಾರಿಯಿಂದ ಅಲ್ಲಿಗೆ ಬಂದು ಸೇರಬಹುದು.

ನೇಪಾಳ: ಮುಸ್ತಾಂಗಿನ ಇಳಿಜಾರು

ಮಲೆನಾಡಿನ ಹಿರಿಯರಿಗೆ ನೇಪಾಳವೆಂದರೆ ಪಶುಪತಿನಾಥ, ಮುಕ್ತಿನಾಥ, ಗಂಡಕಿಯ ಸಾಲಿಗ್ರಾಮ. ಮೌಂಟನ್ ಬೈಕ್ ಸವಾರರಿಗೂ ಅದೇ ಮುಕ್ತಿನಾಥವೇ ಮುಖ್ಯ ಕ್ಷೇತ್ರ. 108 ಧಾರೆಗಳ ಆ ದೇವಸ್ಥಾನ ಮುಸ್ತಾಂಗ್ ಜಿಲ್ಲೆಯಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಾಗಬೇನಿ, ಜೋಮ್‌ಸೋಮ್, ಮಾರ್ಫಾಗಳ ಮೂಲಕ ಕಾಳಿಗಂಡಕಿ ನದಿಯ ಜೊತೆಜೊತೆಗೇ ಇಳಿದು ಸುಮಾರು 1,200 ಮೀಟರ್ ಎತ್ತರದ ತಾತೋಪಾನಿ ತಲುಪಬಹುದು. ಎರಡೂವರೆ ಸಾವಿರ ಮೀಟರ್‌ಗಳ ಇಳಿತ! ಆಗುಂಬೆ ಘಾಟಿಯನ್ನು ಒಂದರ ಮೇಲೊಂದರಂತೆ ನಾಲ್ಕು ಬಾರಿ ಇಟ್ಟರೂ ಅಷ್ಟಾಗುವುದಿಲ್ಲ. ನನ್ನ ಮಟ್ಟಿಗೆ, ಹೊರದೇಶದ ಹಾದಿಗಳಲ್ಲಿ ನಮ್ಮವರಿಗೆ ಅತಿ ಹೆಚ್ಚನ್ನು ಕೊಡುವುದೂ, ಅಷ್ಟೇ ಹೆಚ್ಚಿನ ಸಿದ್ಧತೆಯನ್ನು ಕೇಳುವುದೂ ಇದೇ.

ಮೊದಲನೆಯದು ಎತ್ತರ. ಮನುಷ್ಯರಿಗೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಕೊಡಚಾದ್ರಿ 1,343 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ನಮ್ಮ ರಾಜ್ಯದ ಯಾವ ತುದಿಯಲ್ಲಿ ನಿಂತರೂ ಈ ಅನುಭವಕ್ಕೆ ಅಭ್ಯಾಸ ಮಾಡಿಕೊಳ್ಳಲಾಗದು, ತೊಡೆಯ ಶಕ್ತಿ ಇದಕ್ಕೆ ಉಪಯೋಗಕ್ಕೆ ಬರುವುದೂ ಇಲ್ಲ. ಪೋಖರಾದಿಂದ ಸುಮಾರು 2,700 ಮೀಟರ್ ಎತ್ತರದ ಜೋಮ್‌ಸೋಮ್‌ಗೆ ವಿಮಾನ ಇಪ್ಪತ್ತು ನಿಮಿಷದಲ್ಲಿ ತಲುಪಿಸುತ್ತದೆ. ಅದೇ ದಿನ ಜೀಪು ಹಿಡಿದು ಮುಕ್ತಿನಾಥಕ್ಕೆ ಹೋಗಿ ಮರುದಿನ ಬೆಳಗ್ಗೆ ಇಳಿಯಲು ಹೊರಡುವ ಯೋಜನೆಗಳನ್ನು ಹಲವರು ಹಾಕಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ, ಕಾಗಬೇನಿಯಲ್ಲಿ ಒಂದು ರಾತ್ರಿ, ನಡುವೆ ಝಾರ್‌ಕೋಟ್ ಕಡೆಯ ಊರೊಂದರಲ್ಲಿ ತಂಗಿ ಮುಕ್ತಿನಾಥ, ಹೀಗೆ ಹೋದರೆ ದೇಹ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಆರಂಭವಾದರೆ ಮೇಲೆ ಹೋಗದೆ ಅಲ್ಲೇ ನಿಲ್ಲಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಿನಲ್ಲಿರುವಾಗಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು.

ಎರಡನೆಯದು ಗಾಳಿ. ಹೊತ್ತೇರಿದಂತೆ ಉತ್ತರದ ಬೋಳು ಪ್ರಸ್ಥಭೂಮಿ ಕಾಯುತ್ತದೆ, ಅದು ದಕ್ಷಿಣದ ತಣ್ಣನೆಯ ಗಾಳಿಯನ್ನು ಕಾಳಿಗಂಡಕಿಯ ಕಿರಿದಾದ ಕಣಿವೆಯ ಮೂಲಕ ಎಳೆದುಕೊಳ್ಳುತ್ತದೆ. ಬೆಳಗಿನ ಹತ್ತು ಹನ್ನೊಂದು ಗಂಟೆಗೆ ಎದ್ದ ಗಾಳಿ ಸಂಜೆಯವರೆಗೂ ಧೂಳು, ಮರಳು ಎರಚುತ್ತ ಬೀಸುತ್ತದೆ. ಜೋಮ್‌ಸೋಮ್‌ಗೆ ವಿಮಾನಗಳು ಬೆಳಗ್ಗೆ ಮಾತ್ರ ಹಾರುವುದೂ ಇದೇ ಕಾರಣಕ್ಕೆ. ಮುಕ್ತಿನಾಥದಿಂದ ಇಳಿಯುವವನು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಗಾಳಿ ಎದೆಗೇ ಬಡಿಯುತ್ತದೆ, ಇಳಿಜಾರಿನಲ್ಲಿಯೂ ತುಳಿಯಬೇಕಾಗುತ್ತದೆ. ಆರು ಗಂಟೆಗೆ ಹೊರಟವನಿಗೂ ಒಂಬತ್ತಕ್ಕೆ ಹೊರಟವನಿಗೂ ಅದೇ ಹಾದಿ ಎರಡು ಬೇರೆ ಬೇರೆ ಹಾದಿಗಳಾಗುತ್ತವೆ.

ಮೂರನೆಯದು ನೆಲ. ಇಲ್ಲಿಯ ಸಡಿಲ ಜಲ್ಲಿ ಮತ್ತು ಒಣ ಮಣ್ಣಿನ ಮೇಲೆ ನಮ್ಮ ಅಭ್ಯಾಸ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಹಾವಸೆಯ ಮೇಲೆ ನಾವು ಕಲಿತ ಹಗುರ ಕೈ ಇಲ್ಲಿಯೂ ಒಳ್ಳೆಯದೇ. ಆದರೆ ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಧೈರ್ಯವಾಗಿ ಭಾರ ಹಾಕದಿದ್ದರೆ ಅದು ಹೊರಗೆ ಜಾರಿಹೋಗುತ್ತದೆ. ಹಸಿ ನೆಲದವರಾದ ನಾವು ಸ್ವಭಾವತಃ ಹಿಂದಕ್ಕೆ ವಾಲಿ ಕೂರುತ್ತೇವೆ. ಮುಕ್ತಿನಾಥದ ಮೇಲಿನ ಏಣು ದಾಟಿ ಟಿಬೆಟ್ಟಿನ ಹಳೆಯ ಮತವಾದ ಬೊನ್ ಧರ್ಮದವರ ಹಳ್ಳಿ ಲುಬ್ರಾಕ್ಕೆ ಇಳಿಯುವ ಕಾಲುದಾರಿ ಈ ಪ್ರದೇಶದ ಹೆಸರಾಂತ ಟ್ರೇಲ್. ಒಂದು ಪಕ್ಕ ಪ್ರಪಾತವಿರುವ ಕಿರಿದಾದ ಹಾದಿ ಅದು. ಅದನ್ನು ಮೊದಲ ದಿನವೇ ಹಿಡಿಯದೆ, ಜೀಪು ದಾರಿಯಲ್ಲಿ ಒಂದು ದಿನ ನೆಲದ ಪರಿಚಯ ಮಾಡಿಕೊಂಡು ಹಿಡಿಯುವುದು ಕ್ಷೇಮ. 5,416 ಮೀಟರ್‌ನ ಥೊರಾಂಗ್ ಲಾ ದಾಟಿ ಮನಾಂಗ್ ಕಡೆಯಿಂದ ಸೈಕಲ್ ಹೊತ್ತು ಬರುವವರೂ ಇದ್ದಾರೆ. ಮೊದಲ ಪ್ರವಾಸಕ್ಕೆ ಅದು ಬೇಡ.

ಖರ್ಚಿನಲ್ಲಿ ನೇಪಾಳ ನಮಗೆ ಅನುಕೂಲ. ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶ ಪತ್ರಕ್ಕೆ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ನಮ್ಮ ಹಣದಲ್ಲಿ ಸುಮಾರು 625. ಇತ್ತೀಚಿನ ವರ್ಷಗಳಲ್ಲಿ ಕಣಿವೆಯ ದಾರಿ ಅಗಲವಾಗಿ, ಜೀಪು ಬಸ್ಸುಗಳ ಓಡಾಟ ಹೆಚ್ಚಿದೆ. ಆದ್ದರಿಂದ ನದಿಯ ಆಚೆ ದಡದ ಹಳೆಯ ಕಾಲುದಾರಿಗಳನ್ನು ಬಲ್ಲ ಸ್ಥಳೀಯ ಸವಾರನನ್ನು ಜೊತೆಗೆ ಕರೆದುಕೊಂಡರೆ ಕೊಟ್ಟ ಹಣಕ್ಕೆ ಬೆಲೆ ಬರುತ್ತದೆ.

ಭೂತಾನ್

ಭೂತಾನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈಕಲ್ಲಿನ ಬಗ್ಗೆ ಅಲ್ಲಿಯ ಜನರಿಗಿರುವ ಗೌರವ ದೊಡ್ಡದು. ಬುಮ್‌ತಾಂಗ್‌ನಿಂದ ಥಿಂಪುವಿಗೆ 268 ಕಿಲೋಮೀಟರ್‌ಗಳನ್ನು ನಾಲ್ಕು ಕಣಿವೆಮಾರ್ಗಗಳ ಮೂಲಕ ಒಂದೇ ದಿನದಲ್ಲಿ ತುಳಿಯುವ ಟೂರ್ ಆಫ್ ದಿ ಡ್ರ್ಯಾಗನ್ ಸ್ಪರ್ಧೆ 2010ರಲ್ಲಿ ಆರಂಭವಾಯಿತು. ಆದರೆ ಅಲ್ಲಿಯ ಸವಾರಿಯ ಬಹುಭಾಗ ರಸ್ತೆಯ ಮೇಲಿನದು, ಕಾಡಿನ ಟ್ರೇಲ್‌ಗಳು ಪಾರೊ, ಥಿಂಪುವಿನ ಸುತ್ತ ಚದುರಿವೆ. ಭಾರತೀಯರು ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು. ಸೈಕಲ್ಲನ್ನು ರೈಲಿನಲ್ಲಿ ಹಾಸಿಮಾರಾದವರೆಗೆ ಸಾಗಿಸಿ ಫುನ್‌ಶೋಲಿಂಗ್ ಮೂಲಕ ನೆಲದ ದಾರಿಯಲ್ಲೇ ಒಳಹೋಗಬಹುದೆಂಬುದು ವಿಮಾನದ ಪೆಟ್ಟಿಗೆಗೆ ಅಂಜುವವರಿಗೆ ಒಂದು ಸಮಾಧಾನ. ಟ್ರೇಲ್‌ಗಾಗಿಯೇ ಹೋಗುವವರಿಗೆ ನಾನು ನೇಪಾಳವನ್ನೇ ಹೇಳುತ್ತೇನೆ.

ನ್ಯೂಜಿಲೆಂಡ್: ಕಲಿಯಲು ಹೋಗುವ ಜಾಗ

ರೊಟೊರುವಾ ಊರಿನ ಅಂಚಿಗೇ ಹೊಂದಿಕೊಂಡಿರುವ ವಾಕರೆವರೆವ ಕಾಡಿನಲ್ಲಿ 1990ರ ದಶಕದ ಮಧ್ಯಭಾಗದಿಂದ ಸೈಕಲ್ಲಿಗೆಂದೇ ಹಾದಿಗಳನ್ನು ಕಟ್ಟುತ್ತ ಬಂದಿದ್ದಾರೆ. 2006ರಲ್ಲಿ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇಲ್ಲಿಯೇ. ಕಾಡಿನ ಹಾದಿಗಳಿಗೆ ಪ್ರವೇಶ ಶುಲ್ಕವಿಲ್ಲ, ಮೇಲಕ್ಕೆ ಕೊಂಡೊಯ್ಯುವ ವಾಹನ ಬೇಕಿದ್ದರೆ ಮಾತ್ರ ಹಣ ಕೊಡಬೇಕು. ಜ್ವಾಲಾಮುಖಿಯ ಮಣ್ಣಾದ್ದರಿಂದ ಮಳೆ ಬಂದರೂ ನೀರು ಬೇಗ ಬಸಿದುಹೋಗುತ್ತದೆ. ಮಳೆ ನಿಂತ ಮೇಲೆ ವಾರಗಟ್ಟಲೆ ಕೆಸರು ಆರದ ನೆಲದಿಂದ ಹೋದವರಿಗೆ ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕೆನಿಸುತ್ತದೆ.

ಈ ಜಾಗದ ನಿಜವಾದ ಬೆಲೆ ಅದರ ಕ್ರಮಬದ್ಧತೆಯಲ್ಲಿದೆ. ನ್ಯೂಜಿಲೆಂಡಿನಲ್ಲಿ ಹಾದಿಗಳನ್ನು 1ರಿಂದ 6ರವರೆಗೆ ಕಷ್ಟದ ಪ್ರಕಾರ ಗುರುತಿಸುತ್ತಾರೆ. 2ನೆಯ ದರ್ಜೆಯಲ್ಲಿ ತಿರುವು, 3ರಲ್ಲಿ ಸಣ್ಣ ದಿಬ್ಬ, 4ರಲ್ಲಿ ಬೇರು ಮತ್ತು ಕಡಿದು, ಹೀಗೆ ಒಂದೊಂದೇ ವಿದ್ಯೆಯನ್ನು ಬಿಡಿಯಾಗಿ ಅಭ್ಯಾಸ ಮಾಡಿ ಮೇಲೇರಬಹುದು. ನಮ್ಮ ಗುಡ್ಡದಲ್ಲಿ ಸುಲಭದ ನೂರು ಗಜದ ಪಕ್ಕದಲ್ಲೇ ಎದೆ ನಡುಗಿಸುವ ಹತ್ತು ಗಜ ಬರುತ್ತದೆ. ಒಂದೇ ತಿರುವನ್ನು ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಬಾರಿ ಇಳಿಯುವ ಅವಕಾಶ ಸಿಗುವುದಿಲ್ಲ. ಸ್ವಂತವಾಗಿ ಕಲಿತು ತಪ್ಪುಗಳು ಗಟ್ಟಿಯಾಗಿರುವ ನಮ್ಮಂಥವರಿಗೆ ರೊಟೊರುವಾದ ಒಂದು ವಾರ ಊರಿನ ಎರಡು ವರ್ಷಕ್ಕೆ ಸಮ ಎಂದು ನಾನು ನಂಬಿದ್ದೇನೆ.

ದಿನಗಟ್ಟಲೆ ಸಾಗುವ ಹಾದಿ ಬೇಕೆನ್ನುವವರಿಗೆ ದಕ್ಷಿಣ ದ್ವೀಪವಿದೆ. ಚಿನ್ನ ತೆಗೆಯುವವರ ಹಳೆಯ ದಾರಿಯನ್ನು ಜೋಡಿಸಿ ಕಟ್ಟಿದ ಓಲ್ಡ್ ಘೋಸ್ಟ್ ರೋಡ್ 85 ಕಿಲೋಮೀಟರ್ ಉದ್ದವಿದ್ದು, ನಡುವಿನ ಗುಡಿಸಲುಗಳನ್ನು ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಹೀಫಿ ಟ್ರ್ಯಾಕ್‌ನಲ್ಲಿ ಸೈಕಲ್ಲಿಗೆ ಅವಕಾಶವಿರುವುದು ಮೇ 1ರಿಂದ ನವೆಂಬರ್ 30ರವರೆಗೆ ಮಾತ್ರ; ಅಂದರೆ ಅಲ್ಲಿಯ ಬೇಸಿಗೆಯಲ್ಲಿ ಹೋದವರಿಗೆ ಅದು ಮುಚ್ಚಿರುತ್ತದೆ. ಆ ಪಶ್ಚಿಮ ಕರಾವಳಿಯ ಮಳೆ ನಮ್ಮ ಘಟ್ಟದ ಮಳೆಯನ್ನು ನೆನಪಿಸುವಷ್ಟು ಜೋರು.

ಹಣದ ಮಾತಿಗೆ ಬಂದರೆ ಇದು ಹಗುರವಲ್ಲ. ದೂರದ ವಿಮಾನ, ವೀಸಾ, ಜೊತೆಗೆ ಸಂದರ್ಶಕರಿಗೆ ಹಾಕುವ 100 ನ್ಯೂಜಿಲೆಂಡ್ ಡಾಲರ್ ಶುಲ್ಕ, ಊಟ, ವಸತಿ ಎಲ್ಲ ಸೇರಿದಾಗ ನೇಪಾಳದ ಖರ್ಚಿನ ಹಲವು ಪಟ್ಟಾಗುತ್ತದೆ. ಎರಡು ಬಾರಿ ನೇಪಾಳಕ್ಕೆ ಹೋಗುವ ಬದಲು ಒಮ್ಮೆ ಇಲ್ಲಿಗೆ ಹೋಗುವುದೇ ಸರಿ ಎಂದು ಹೇಳುವುದು, ಇಪ್ಪತ್ತೈದರ ಆಸುಪಾಸಿನಲ್ಲಿದ್ದು ಮುಂದೆ ಬಹಳ ವರ್ಷ ಸೈಕಲ್ ಓಡಿಸುವ ಮನಸ್ಸಿರುವವರಿಗೆ ಮಾತ್ರ.

ಕೆನಡಾದ ವಿಸ್ಲರ್

ಬೇಸಿಗೆಯಲ್ಲಿ ಸ್ಕೀ ಲಿಫ್ಟ್‌ಗೆ ಸೈಕಲ್ ತಗುಲಿಸಿ ಮೇಲೆ ಹೋಗಿ, ಇಡೀ ದಿನ ಇಳಿಯುವುದೇ ಕೆಲಸವಾಗಿರುವ ಜಾಗ ಇದು. ವಿಸ್ಲರ್ ಊರು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ನಮ್ಮ ಆಗುಂಬೆಯಷ್ಟೇ. ಉಸಿರಿನ ಕಷ್ಟವಿಲ್ಲ, ಏರುವ ಕಷ್ಟವೂ ಇಲ್ಲ. ಕಷ್ಟವಿರುವುದು ಅಂಗೈ ಮತ್ತು ಮುಂಗೈಯಲ್ಲಿ. ಲಿಫ್ಟ್ ಇರುವಲ್ಲಿ ದಿನಕ್ಕೆ ಹತ್ತಾರು ಬಾರಿ ಇಳಿಯುವುದರಿಂದ ಮೂರನೆಯ ದಿನಕ್ಕೆ ಬೆರಳು ಮಡಚಲಾಗುವುದಿಲ್ಲ. ಹೆಸರಾಂತ ಎ-ಲೈನ್‌ನಂಥ ಹಾದಿಗಳು ಒಂದರ ಹಿಂದೊಂದು ಹಾರುದಿಬ್ಬಗಳಿಂದ ಕೂಡಿವೆ. ಹಾರುವ ಅಭ್ಯಾಸವೇ ಇಲ್ಲದ ಮಲೆನಾಡಿನ ಸವಾರ ಅಷ್ಟು ಹಣ ಸುರಿದು ಹೋಗಿ ಹಸಿರು, ನೀಲಿ ಗುರುತಿನ ಸುಲಭ ಹಾದಿಗಳಲ್ಲೇ ವಾರ ಕಳೆಯಬೇಕಾಗುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಆ ವಿದ್ಯೆಯನ್ನು ರೊಟೊರುವಾದಲ್ಲಿ ಹೆಚ್ಚು ನೆಮ್ಮದಿಯಿಂದ ಕಲಿಯಬಹುದು. ಭಾರತೀಯರಿಗೆ ಸಂದರ್ಶಕ ವೀಸಾ ಮತ್ತು ಬೆರಳಚ್ಚಿನ ಶುಲ್ಕಗಳೂ ಕಾಯುವಿಕೆಯೂ ಇರುವುದರಿಂದ ಇದನ್ನು ಮೊದಲ ಪ್ರವಾಸವಾಗಿ ನಾನು ಯಾರಿಗೂ ಹೇಳುವುದಿಲ್ಲ. ಆಲ್ಪ್ಸ್‌ನ ಲಿಫ್ಟ್ ಪಾರ್ಕ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿಗೆ ಹೋಗಲು ಬೇಕಾದ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ.

ಹಂಗಾಮು ಮತ್ತು ಮನೆಯ ಕೆಲಸ

ಪೇಟೆಯವರ ಮಾರ್ಗದರ್ಶಿಗಳಲ್ಲಿ ಈ ವಿಚಾರ ಸಿಗುವುದಿಲ್ಲ, ಆದರೆ ನಮ್ಮಲ್ಲಿ ಅನೇಕರ ಪ್ರವಾಸ ನಿಲ್ಲುವುದೇ ಇಲ್ಲಿ. ನೇಪಾಳಕ್ಕೆ ಉತ್ತಮವಾದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಕೊನೆಗಾರ ಸಿಕ್ಕ ದಿನ ಮನೆಯ ಗಂಡಾಳು ಮುಸ್ತಾಂಗಿನಲ್ಲಿದ್ದರೆ ಆ ಪ್ರವಾಸವನ್ನು ಮನೆಯಲ್ಲಿ ಯಾರೂ ಮರೆಯುವುದಿಲ್ಲ. ಅಂಥವರಿಗೆ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಎರಡನೆಯ ಹಂಗಾಮು ಸರಿಹೊಂದುತ್ತದೆ. ಶ್ರೀಲಂಕಾದ ಮಲೆನಾಡಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ; ನಮ್ಮಲ್ಲಿ ಅಡಿಕೆ ಬೇಯಿಸಿ ಒಣಗಿಸುವ ಕೆಲಸ ಆ ಹೊತ್ತಿಗೆ ಒಂದು ಹಂತಕ್ಕೆ ಬಂದಿರುತ್ತದೆ. ಮೇ ತಿಂಗಳಿನಿಂದ ಅಲ್ಲಿಯೂ ನೈರುತ್ಯ ಮಳೆಗಾಲ. ನ್ಯೂಜಿಲೆಂಡಿನ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ, ಆದರೆ ಮಾರ್ಚ್ ಕೂಡ ಅಲ್ಲಿ ಹಿತವಾಗಿರುವುದರಿಂದ ಕೊಯ್ಲು ಮುಗಿಸಿಕೊಂಡೇ ಹೋಗಬಹುದು. ವಿಸ್ಲರ್ ತೆರೆದಿರುವುದು ಸುಮಾರು ಮೇಯಿಂದ ಅಕ್ಟೋಬರ್‌ವರೆಗೆ. ಊರಿನಲ್ಲಿ ಸೈಕಲ್ ಹೊರತೆಗೆಯಲಾಗದ ಮಳೆಗಾಲ ಅದು, ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕಾಲವೂ ಅದೇ.

ನಮ್ಮ ಮಳೆಗಾಲದಲ್ಲಿ ಮುಸ್ತಾಂಗ್ ಒಣಗಿಯೇ ಇರುತ್ತದೆ ಎಂಬ ಮಾತನ್ನು ಕೆಲವರು ಹೇಳುತ್ತಾರೆ. ಅದು ನಿಜ: ಅನ್ನಪೂರ್ಣ, ಧವಳಗಿರಿಗಳು ಮೋಡವನ್ನು ತಡೆಯುತ್ತವೆ. ಆಗುಂಬೆಯಲ್ಲಿ ಸುರಿದ ಮಳೆ ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಕಾಲುಭಾಗಕ್ಕೂ ಇಳಿಯುವುದನ್ನು ಕಂಡ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಅಲ್ಲಿಗೆ ತಲುಪಿಸುವ ಕೆಳಗಿನ ರಸ್ತೆ ಆಗ ಭೂಕುಸಿತದಿಂದ, ವಿಮಾನ ಮೋಡದಿಂದ ನಿಂತುಹೋಗುತ್ತದೆ. ಹತ್ತು ದಿನದ ರಜೆಯವರು ಆ ಅಪಾಯಕ್ಕೆ ಕೈಹಾಕಬಾರದು.

ಬಿದ್ದರೆ ಏನು?

ಹಾದಿಯನ್ನು ಆರಿಸುವಾಗ ಈ ಪ್ರಶ್ನೆಯನ್ನು ಯಾರೂ ಇಷ್ಟಪಟ್ಟು ಕೇಳುವುದಿಲ್ಲ. ನ್ಯೂಜಿಲೆಂಡಿನಲ್ಲಿ ಅಪಘಾತದ ಗಾಯಗಳ ಚಿಕಿತ್ಸೆಗೆ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆಯ ನೆರವು ಸಂದರ್ಶಕರಿಗೂ ಸಿಗುತ್ತದೆ. ಊರಿಗೆ ಮರಳುವ ಹೆಚ್ಚುವರಿ ಖರ್ಚು ಅದರಲ್ಲಿ ಸೇರುವುದಿಲ್ಲ. ಶ್ರೀಲಂಕಾದಲ್ಲಿ 1990 ಸಂಖ್ಯೆಗೆ ಕರೆ ಮಾಡಿದರೆ ಉಚಿತ ಆಂಬುಲೆನ್ಸ್ ಬರುತ್ತದೆ. 2016ರಲ್ಲಿ ಭಾರತದ ನೆರವಿನಿಂದ ಶುರುವಾದ ಸೇವೆ ಅದು. ಕೆನಡಾದಲ್ಲಿ ಸಂದರ್ಶಕರ ಆಸ್ಪತ್ರೆಯ ಖರ್ಚನ್ನು ಅಲ್ಲಿಯ ಸರ್ಕಾರ ಭರಿಸುವುದಿಲ್ಲ, ಒಂದು ಮುರಿದ ಹೆಗಲುಮೂಳೆ ಇಡೀ ಪ್ರವಾಸದ ಖರ್ಚನ್ನು ಮೀರಬಹುದು. ಮುಸ್ತಾಂಗಿನಲ್ಲಿ ಗಂಭೀರ ಪೆಟ್ಟಾದರೆ ಹೆಲಿಕಾಪ್ಟರೇ ಗತಿ.

ಪ್ರವಾಸ ವಿಮೆ ಮಾಡಿಸಿದ್ದೇನೆ ಎಂದಷ್ಟೇ ನೆಮ್ಮದಿಯಾಗಿರುವುದು ಸಲ್ಲ. ನಮ್ಮ ಗುಂಪಿನವರೊಬ್ಬರು ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆಯೇ ತಮ್ಮ ಪಾಲಿಸಿಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟ ಸಾಲನ್ನು ಓದಿದರು. ಮೌಂಟನ್ ಬೈಕಿಂಗ್ ಎಂಬ ಪದ ಸ್ಪಷ್ಟವಾಗಿ ಒಳಗೊಂಡಿದೆಯೇ, ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ, ಹೆಲಿಕಾಪ್ಟರ್ ಕರೆಯುವ ಮೊದಲು ವಿಮೆಯವರ ಒಪ್ಪಿಗೆ ಬೇಕೇ, ಈ ಮೂರನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು.

ಯಾರಿಗೆ ಯಾವುದು

ಕೆಸರು, ಬೇರು, ಜಂಬಿಟ್ಟಿಗೆಯ ಮೇಲೆ ವಿಶ್ವಾಸವಿದ್ದು, ದಿನಕ್ಕೆ ಐದಾರು ಗಂಟೆ ತುಳಿಯುವ ಕಸುವಿರುವವರು, ಎರಡು ವಾರ ಕೊಡಬಲ್ಲವರಾದರೆ, ನೇಪಾಳಕ್ಕೆ ಹೋಗಬೇಕು. ಎಂಟೇ ದಿನ ಇರುವವರು ನೇಪಾಳವನ್ನು ಬಿಡುವುದು ಮೇಲು, ಏಕೆಂದರೆ ಅವಸರದಲ್ಲಿ ಮೊದಲು ಕತ್ತರಿಸಿಹೋಗುವುದು ಎತ್ತರಕ್ಕೆ ಒಗ್ಗುವ ದಿನಗಳೇ, ಅವರಿಗೆ ಶ್ರೀಲಂಕಾ. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೂ, ಐವತ್ತು ದಾಟಿ ಮತ್ತೆ ಸೈಕಲ್ ಹಿಡಿದವರಿಗೂ ನಾನು ಶ್ರೀಲಂಕಾವನ್ನೇ ಹೇಳುತ್ತೇನೆ. ಇಳಿಯುವಾಗ ಭಯವಾಗುತ್ತದೆ, ಆ ಭಯ ಹೋಗಬೇಕು ಎನ್ನುವವರಿಗೆ ನ್ಯೂಜಿಲೆಂಡ್. ವಿಸ್ಲರ್ ಅದರ ನಂತರದ ಮಾತು.

ಹೊರಡುವ ಮೊದಲಿನ ಮೂರು ತಿಂಗಳ ಅಭ್ಯಾಸವೂ ಆಯ್ಕೆಗೆ ತಕ್ಕಂತೆ ಬೇರೆಯಾಗಬೇಕು. ಮುಸ್ತಾಂಗಿಗೆ ಹೋಗುವವರು ಬಾಳೆಬರೆ ಎಂದೂ ಕರೆಯುವ ಹುಲಿಕಲ್ ಘಾಟಿಯಂಥ ಏರುಗಳನ್ನು ಒಂದೇ ದಿನ ಎರಡು ಬಾರಿ ಹತ್ತಿ, ಬೇಸಿಗೆಯಲ್ಲಿ ಮಣ್ಣು ಪುಡಿಯಾದ ಬ್ಯಾಣದ ದಾರಿಗಳಲ್ಲಿ ಮುಂದಕ್ಕೆ ಭಾರ ಹಾಕಿ ತಿರುಗುವುದನ್ನು ರೂಢಿಸಿಕೊಳ್ಳಬೇಕು. ರೊಟೊರುವಾಗೆ ಹೋಗುವವರಿಗೆ ದೂರ ಮುಖ್ಯವಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಒಂದು ತಿರುವು, ಒಂದು ಸಣ್ಣ ದಿಬ್ಬ ಸಾಕು. ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಅಭ್ಯಾಸಕ್ಕೆ ಹೋಗಬಾರದು. ಅದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ತಪ್ಪು, ಸೈಕಲ್ ಸವಾರರೆಲ್ಲರಿಗೂ ಕೆಟ್ಟ ಹೆಸರು ತರುವ ಕೆಲಸವೂ ಹೌದು.

ಸ್ವಂತ ಸೈಕಲ್ಲೋ, ಬಾಡಿಗೆಯದೋ

ನ್ಯೂಜಿಲೆಂಡ್ ಮತ್ತು ಕೆನಡಾದಲ್ಲಿ ಬಾಡಿಗೆಗೆ ಸಿಗುವ ಸೈಕಲ್‌ಗಳು ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದಕ್ಕಿಂತ ಉತ್ತಮವಾದವು, ಆ ಹಾದಿಗಳಿಗೆ ಬೇಕಾದ ಉದ್ದದ ಸಸ್ಪೆನ್ಷನ್ ಅವುಗಳಲ್ಲಿರುತ್ತದೆ. ಅಲ್ಲಿಗೆ ಹೆಲ್ಮೆಟ್, ಮೊಣಕಾಲಿನ ಕಾಪು, ಶೂ ಮತ್ತು ಪೆಡಲ್ ಮಾತ್ರ ಒಯ್ದರೆ ಸಾಕು. ನೇಪಾಳದಲ್ಲಿ ಕಠ್ಮಂಡು, ಪೋಖರಾಗಳಲ್ಲಿ ಎರಡೂ ಚಕ್ರಕ್ಕೆ ಸಸ್ಪೆನ್ಷನ್ ಇರುವ ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ ಸಿಗುತ್ತದೆ, ಆದರೆ ಮೊದಲೇ ಮಾತಾಡಿಕೊಂಡಿರಬೇಕು. ಹೊಸ ಬ್ರೇಕ್ ಪ್ಯಾಡ್ ಎರಡು ಜೊತೆ ಜೇಬಿನಲ್ಲಿರಲಿ. ಶ್ರೀಲಂಕಾದ ಎಸ್ಟೇಟ್ ದಾರಿಗಳಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ನಮ್ಮದೇ ಹಾರ್ಡ್‌ಟೇಲ್ ಸೈಕಲ್ ಸಾಕಾಗುವುದರಿಂದ ಅದನ್ನೇ ಒಯ್ಯುವುದು ಲಾಭ.

ಬಾಡಿಗೆ ಸೈಕಲ್ ಹತ್ತುವ ಮೊದಲು ಬ್ರೇಕ್ ಯಾವ ಕಡೆಯದು ಎಂದು ನೋಡಲೇಬೇಕು. ನಮ್ಮಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕ್, ನ್ಯೂಜಿಲೆಂಡಿನಲ್ಲಿಯೂ ಸಾಮಾನ್ಯವಾಗಿ ಹಾಗೆಯೇ. ಕೆನಡಾ, ಅಮೆರಿಕಾಗಳಲ್ಲಿ ಎಡಗೈಯದು ಮುಂದಿನದು. ಕಡಿದಾದ ಇಳಿಜಾರಿನಲ್ಲಿ ಹಿಂದಿನದೆಂದು ತಿಳಿದು ಮುಂದಿನದನ್ನು ಒತ್ತಿದರೆ ಹ್ಯಾಂಡಲ್ ದಾಟಿ ಬೀಳುವುದು ಖಂಡಿತ. ಅಂಗಡಿಯವರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ, ಕೇಳಲು ಸಂಕೋಚ ಬೇಡ.

ಸ್ವಂತ ಸೈಕಲ್ ಒಯ್ಯುವವರು ಪೆಟ್ಟಿಗೆಯ ಅಳತೆ, ತೂಕಗಳನ್ನು ವಿಮಾನದವರಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. ಎಡ ಪೆಡಲ್‌ನ ತಿರುಪು ಉಲ್ಟಾ ತಿರುಗುತ್ತದೆ ಎಂಬುದನ್ನು ನೆನಪಿಟ್ಟು ಬಿಚ್ಚಬೇಕು, ಬ್ರೇಕಿನ ಡಿಸ್ಕ್‌ಗಳನ್ನು ಕಳಚಿ ಬೇರೆಯಾಗಿ ಸುತ್ತಿಡಬೇಕು, ಬ್ರೇಕಿನ ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಬೇಕು. ಇ-ಬೈಕನ್ನು ಮನೆಯಲ್ಲೇ ಬಿಡಬೇಕು, ಏಕೆಂದರೆ 160 ವ್ಯಾಟ್-ಗಂಟೆಗಿಂತ ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ. ಬೆಲೆಬಾಳುವ ಸೈಕಲ್ ಆಗಿದ್ದರೆ ಹೊರಡುವಾಗಲೇ ಬೆಂಗಳೂರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಪಡೆದುಕೊಂಡರೆ ಮರಳುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ.

ನ್ಯೂಜಿಲೆಂಡಿಗೆ ಹೋಗುವವರಿಗೆ ಇನ್ನೊಂದು ಕೆಲಸವಿದೆ. ಹೊರಗಿನ ಮಣ್ಣು, ಬೀಜ, ರೋಗಾಣು ಒಳಬರಬಾರದೆಂದು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಬಳಸಿದ ಸೈಕಲ್, ಶೂ, ಟೆಂಟ್‌ಗಳನ್ನು ಪರೀಕ್ಷಿಸುತ್ತಾರೆ. ಘೋಷಣಾ ಪತ್ರದಲ್ಲಿ ಬರೆಯದೆ ಬಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳುತ್ತದೆ. ಕೊಳೆರೋಗದ ಬೆಲೆಯನ್ನು ಬಲ್ಲ ಅಡಿಕೆ ಬೆಳೆಗಾರರು ಆ ಎಚ್ಚರವನ್ನು ಕಿರಿಕಿರಿಯೆಂದು ತಿಳಿಯಬಾರದು. ಟೈರಿನ ಕಚ್ಚುಗಳ ನಡುವೆ, ಪೆಡಲ್‌ನ ಸಂದಿಯಲ್ಲಿ, ಶೂಗಳ ಅಡಿಯಲ್ಲಿ ಅಂಟಿದ ನಮ್ಮ ಕೆಂಪು ಮಣ್ಣನ್ನು ಹಲ್ಲುಜ್ಜುವ ಹಳೆಯ ಬ್ರಶ್‌ನಿಂದ ತಿಕ್ಕಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಪೆಟ್ಟಿಗೆಗೆ ತುಂಬಬೇಕು.